ಸ್ಮಾರಕದ ಕಲ್ಲಿಗೆ ಪೇಂಟು ಬೇಡ, ಬೋರ್ಡಿಗೆ ಕಟ್ಟುಕತೆ ಬೇಡ

ಸಂಪಾದಕರಿಗೆ,

ಮಾನ್ಯರೇ,

ರಾಜ್ಯೋತ್ಸವ ಹತ್ತಿರ ಬಂದಂತೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲು, ಹಳೇ ಸಮಾಧಿಗಳನ್ನು ಜೀರ್ಣೋದ್ಧಾರ ಮಾಡುವ ಹುರುಪು ಶುರುವಾಗುತ್ತದೆ. ಪೊದೆ ಕಡಿಯುತ್ತಾರೆ, ಮಲಗಿದ್ದ ಕಲ್ಲನ್ನು ಜೆಸಿಬಿಯಲ್ಲಿ ಎತ್ತಿ ನಿಲ್ಲಿಸುತ್ತಾರೆ, ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಿ, ಶಿಲ್ಪಕ್ಕೆ ಆಯಿಲ್ ಪೇಂಟ್ ಬಳಿದು, ಪಕ್ಕದಲ್ಲೊಂದು ಗ್ರಾನೈಟ್ ಫಲಕ ನೆಡುತ್ತಾರೆ. ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ಎಂಟುನೂರು ವರ್ಷದ ಮಳೆ ಬಿಸಿಲಿಗೆ ಜಗ್ಗದ ಅಕ್ಷರಗಳು ಒಂದೇ ಭಾನುವಾರದ ಶ್ರಮದಾನದಲ್ಲಿ ಅಳಿಸಿಹೋದದ್ದುಂಟು. ಅದಕ್ಕಿಂತ ಹೆಚ್ಚಿನ ತೊಂದರೆ ಫಲಕದ್ದು: ಸತ್ತವರು ಯಾರೆಂದು ಕಲ್ಲೇ ಹೇಳುತ್ತಿದ್ದರೂ ಅದನ್ನು ಓದದೆ, ಕೇಳಿದ ಕತೆಯನ್ನು ಕೆತ್ತಿಸಿಬಿಡುತ್ತಾರೆ. ಮೊದಲು ಓದಿ, ಆಮೇಲೆ ಮುಟ್ಟಿ ಎನ್ನುವುದಷ್ಟೇ ಈ ಪತ್ರದ ವಿಷಯ. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಯಾವ ಕಲ್ಲಿನಡಿ ದೇಹವಿದೆ, ಯಾವುದರಡಿ ಇಲ್ಲ ಎನ್ನುವುದರಿಂದ ಶುರು ಮಾಡೋಣ. ವೀರಗಲ್ಲು ಸಾಮಾನ್ಯವಾಗಿ ಗೋರಿಯಲ್ಲ. ಊರಬಾಗಿಲಲ್ಲೋ ಕೆರೆ ಏರಿಯ ಮೇಲೋ ದೇವಸ್ಥಾನದ ಅಂಗಳದಲ್ಲೋ ಸತ್ತವನ ಹೆಸರಿಗೆ ನಿಲ್ಲಿಸಿದ ಕಲ್ಲು ಅದು. ಶಿಲ್ಪವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ತುರುಗೋಳಿನಲ್ಲಿ, ಅಂದರೆ ದನ ಕೊಳ್ಳೆಯ ಕಾಳಗದಲ್ಲಿ, ಸತ್ತಿದ್ದರೆ ಅಲ್ಲೇ ದನಗಳ ಸಾಲೂ ಇರುತ್ತದೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಲಿಂಗ, ನಂದಿ, ಪೂಜಾರಿ, ತುದಿಯಲ್ಲಿ ಸೂರ್ಯ ಚಂದ್ರ. ಲಿಂಗದ ಜಾಗದಲ್ಲಿ ಜಿನಬಿಂಬವಿದ್ದರೆ ಸತ್ತವನ ಮತ ಯಾವುದೆಂದು ಬರಹ ಓದದೆಯೂ ಗೊತ್ತಾಗುತ್ತದೆ. ಬರಹ ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಗಳಲ್ಲಿರುತ್ತದೆ. ಪೇಂಟ್ ಬಳಿಯುವವರು ‘ಬಾರ್ಡರ್’ ಎಂದುಕೊಂಡು ಬೇರೆ ಬಣ್ಣ ತುಂಬುವುದು ಈ ಅಡ್ಡಪಟ್ಟಿಗೇ.

ಮಾಸ್ತಿಗಲ್ಲು ಸತಿ ಹೋದ ಹೆಂಗಸಿನ ನೆನಪಿನ ಕಲ್ಲು, ಗುರುತಿಸುವುದು ಸುಲಭ. ಕಂಬದಿಂದ ಹೊರಚಾಚಿದ, ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ತೋಳು, ಮುಂಗೈ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ನಿಸಿದಿಗಲ್ಲು ಜೈನರದು. ವ್ರತ ಹಿಡಿದು, ಅನ್ನ ನೀರು ಬಿಟ್ಟು ಮುಡಿಪಿದವರ, ಅಂದರೆ ಪ್ರಾಣ ಬಿಟ್ಟವರ, ನೆನಪು. ಕೆಳಗೆ ಠವಣೆಕೋಲಿನ (ಓಲೆಗರಿ ಇಡುವ ಪೀಠ) ಮುಂದೆ ಗುರು ಶಿಷ್ಯರು, ಮೇಲೆ ಜಿನ. ಈ ಮೂರು ಬಗೆಯ ಕಲ್ಲುಗಳ ಬುಡದಲ್ಲಿ ಹೂತಿಟ್ಟದ್ದೇನೂ ಇರುವುದಿಲ್ಲ. ಹೀಗಿದ್ದೂ ನಿಧಿ ಆಸೆಗೆ ಅಮಾವಾಸ್ಯೆ ರಾತ್ರಿ ಬುಡ ಅಗೆದು ಕಲ್ಲನ್ನು ಕೆಡವುವವರು ಇದ್ದಾರೆ. ಸಿಗುವುದು ಗುಂಡಿಗೆ ತುಂಬಿದ್ದ ಚೂರುಕಲ್ಲು ಮಾತ್ರ. ಒಂದು ವೇಳೆ ಏನಾದರೂ ಸಿಕ್ಕಿದರೂ ಕರ್ನಾಟಕದ 1962ರ ನಿಧಿ ಕಾಯ್ದೆ ಜಾರಿಯಲ್ಲಿದೆ. ನಿಕ್ಷೇಪ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ದೇಹ ಇರುವ ಜಾಗಗಳು ಬೇರೆ. ಸನ್ಯಾಸಿಗಳನ್ನು ಸುಡುವುದಿಲ್ಲ, ಕೂತ ಭಂಗಿಯಲ್ಲೇ ಸಮಾಧಿ ಮಾಡಿ ಮೇಲೆ ಅಧಿಷ್ಠಾನ ಕಟ್ಟುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಆಚೆ ದಡದ ನರಸಿಂಹವನದಲ್ಲಿ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿ (1912), ಚಂದ್ರಶೇಖರ ಭಾರತಿ (1954), ಅಭಿನವ ವಿದ್ಯಾತೀರ್ಥ (1989) ಸ್ವಾಮಿಗಳ ಅಧಿಷ್ಠಾನಗಳಿವೆ. ಈಚೆ ದಡದ ವಿದ್ಯಾಶಂಕರ ದೇವಾಲಯವೂ ವಿದ್ಯಾತೀರ್ಥರ ಸಮಾಧಿಯ ಮೇಲೆ ಎದ್ದದ್ದೆಂದು ಮಠದ ಪರಂಪರೆ ಹೇಳುತ್ತದೆ. ಲಿಂಗಾಯತ ಮಠಗಳ ಗದ್ದುಗೆಯೂ ಹಾಗೆಯೇ, ಕೂತ ಭಂಗಿಯ ಸಮಾಧಿ. ಮುಸ್ಲಿಮರ ಗೋರಿ ನಮ್ಮ ಕಡೆ ಉತ್ತರ ದಕ್ಷಿಣವಾಗಿ ಇರುತ್ತದೆ, ಮುಖ ಪಡುವಣಕ್ಕೆ. ಇಂಥ ಕಡೆ ಪೈಪು, ಚರಂಡಿ, ಕಾಂಪೌಂಡಿನ ಪಾಯ ಎಂದು ಗುದ್ದಲಿ ಹಾಕುವ ಮೊದಲು ಸಂಬಂಧಪಟ್ಟ ಮಠವನ್ನೋ ಜಮಾತನ್ನೋ ಕೇಳುವುದು ಬರೀ ಸೌಜನ್ಯದ ಮಾತಲ್ಲ. ಪಕ್ಕದ ಮಣ್ಣು ಸಡಿಲವಾದರೆ ಮೇಲಿನ ಕಟ್ಟಡ ಒಂದು ಕಡೆಗೆ ಕೂರುತ್ತದೆ.

ಇನ್ನು ಓದುವ ವಿಚಾರ. ಅತಿ ಸಾಮಾನ್ಯವಾದ ತಪ್ಪು, ಬರಹದಲ್ಲಿ ಮೊದಲು ಕಂಡ ಹೆಸರೇ ಸತ್ತವನದು ಎಂದುಕೊಳ್ಳುವುದು. ಹೊಯ್ಸಳರ ಕಾಲದ ವೀರಗಲ್ಲು ‘ಸ್ವಸ್ತಿ’ಯಿಂದ ಶುರುವಾಗಿ ‘ತಳಕಾಡುಗೊಂಡ’ ಮುಂತಾದ ಬಿರುದುಗಳ ಮಾಲೆಯೊಡನೆ ದೊರೆಯ ಹೆಸರು ಹೇಳುತ್ತದೆ. ಅವನು ದೋರಸಮುದ್ರದ ನೆಲೆವೀಡಿನಲ್ಲಿ ‘ರಾಜ್ಯಂಗೆಯ್ಯುತ್ತಮಿರೆ’ ಎಂಬಲ್ಲಿಗೆ ಪೀಠಿಕೆ ಮುಗಿಯಿತು. ಆ ‘ಇರೆ’ ಎಲ್ಲಿದೆಯೆಂದು ಹುಡುಕಿ, ವಿಷಯ ಇರುವುದು ಅದರ ಮುಂದೆ. ಇಂಥ ಊರ ಇಂಥವನ ಮಗ ಇಂಥವನು ತುರುವ ಮರಳಿಚಿ, ಕಾದಿ, ಸುರಲೋಕಪ್ರಾಪ್ತನಾದ (ದನ ಬಿಡಿಸಿ ತಂದು, ಹೋರಾಡಿ, ಸತ್ತ) ಎಂದು ಬರುತ್ತದೆ. ಕಡೆಯಲ್ಲಿ ತಮ್ಮನೋ ಮಗನೋ ಹೆಂಡತಿಯೋ ಕಲ್ಲು ನಿಲ್ಲಿಸಿದ್ದು. ಅಂದರೆ ಒಂದೇ ಕಲ್ಲಿನಲ್ಲಿ ಕನಿಷ್ಠ ಮೂವರ ಹೆಸರಿರುತ್ತದೆ: ಆಳುವವನು, ಸತ್ತವನು, ನಿಲ್ಲಿಸಿದವನು. ‘ನರಸಿಂಹ ಮಹಾರಾಜರ ಸಮಾಧಿ’ ಎಂಬಂಥ ಫಲಕ ಹುಟ್ಟುವುದು ಮೊದಲನೆಯ ಹೆಸರಿಗೇ ಓದು ನಿಲ್ಲಿಸಿದಾಗ. ಸತ್ತವನು ಊರ ಗೌಡನ ಮಗನಾಗಿದ್ದರೆ ಅವನ ಹೆಸರು ಎಂಟು ಶತಮಾನದ ಮೇಲೆ ಎರಡನೇ ಸಲ ಅಳಿಯಿತು.

ಅಕ್ಷರ ಮಸುಕಾಗಿದ್ದರೆ ಅದಕ್ಕೆ ಸೀಮೆಸುಣ್ಣ, ಹಿಟ್ಟು, ಇದ್ದಿಲು ತಿಕ್ಕಬೇಡಿ. ಸುಣ್ಣದ ಪುಡಿ ಕಲ್ಲಿನ ರಂಧ್ರದಲ್ಲಿ ಕೂತು ಬಿಡುತ್ತದೆ. ಹಿಟ್ಟಿಗೆ ಇರುವೆಯೂ ಬೂಷ್ಟೂ ಬರುತ್ತವೆ. ಕತ್ತಲಾದ ಮೇಲೆ ಒಳ್ಳೆ ಟಾರ್ಚ್ ಹಿಡಿದು, ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ ಬಿಡಿ. ಎದುರಿನಿಂದ ಬಿಟ್ಟರೆ ಏನೂ ಕಾಣುವುದಿಲ್ಲ. ಕನ್ನಡದ ಅಕ್ಷರ ದುಂಡು. ಎಡದಿಂದ ಬೆಳಕು ಬಂದಾಗ ಅಡ್ಡಗೆರೆಗಳು ಮಾಯವಾಗುತ್ತವೆ, ಮೇಲಿನಿಂದ ಬಂದಾಗ ಉದ್ದಗೆರೆಗಳು. ಆದ್ದರಿಂದ ಕ್ಯಾಮೆರಾ ಅಲುಗಾಡದಂತೆ ಸ್ಟ್ಯಾಂಡಿನಲ್ಲಿಟ್ಟು ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಚಿತ್ರ ತೆಗೆಯಬೇಕು. ಚೌಕಟ್ಟಿನೊಳಗೆ ಒಂದು ಸ್ಕೇಲ್ ಇರಲಿ. ಕಲ್ಲಿನ ಹಿಂಬದಿ, ಎರಡು ಅಂಚು, ಸುತ್ತಲ ಜಾಗ, ಯಾವ ದಿಕ್ಕಿಗೆ ಮುಖ ಎನ್ನುವುದನ್ನೂ ಬರೆದುಕೊಳ್ಳಿ. ಹಗಲಲ್ಲೇ ಓದಬೇಕಾದರೆ ಮನೆಯ ಕನ್ನಡಿ ಸಾಕು. ಬಿಸಿಲನ್ನು ಅದರಿಂದ ಪಕ್ಕಕ್ಕೆ ತಿರುಗಿಸಿ ಬಿಡಬಹುದು.

ಪಡಿಯಚ್ಚು ತೆಗೆಯುವುದು ಕಲಿತವರ ಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದೊಳಕ್ಕೆ ಇಳಿಸಿ, ಅರೆ ಒಣಗಿದಾಗ ಮೇಲೆ ಮಸಿ ತಟ್ಟುತ್ತಾರೆ. ಕಾಗದ ಹಸಿಯಿರುವಾಗಲೇ ಮಸಿ ತಟ್ಟಿದರೆ ಅದು ಕಲ್ಲಿಗೆ ಇಳಿಯುತ್ತದೆ, ಮತ್ತೆ ಹೋಗುವುದಿಲ್ಲ. ಪೂರಾ ಒಣಗಿದರೆ ಕಾಗದ ಅಕ್ಷರ ಬಿಟ್ಟು ಮೇಲೇಳುತ್ತದೆ. ಯೂಟ್ಯೂಬ್ ನೋಡಿ ಇದನ್ನು ಮಾಡಬೇಡಿ.

ಓದಲಾಗದಿದ್ದರೂ ಚಿಂತೆಯಿಲ್ಲ, ನಮ್ಮ ಕಡೆಯ ಹೆಚ್ಚಿನ ಕಲ್ಲುಗಳನ್ನು ನೂರು ವರ್ಷದ ಹಿಂದೆಯೇ ಓದಿ ಅಚ್ಚು ಹಾಕಿದ್ದಾರೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಹಾಸನ ಜಿಲ್ಲೆಯದು ಐದನೇ ಸಂಪುಟ, ಚಿಕ್ಕಮಗಳೂರಿನದು ಆರನೆಯದು, ಆಗಿನ ಹೆಸರು ಕಡೂರು ಜಿಲ್ಲೆ. ಶ್ರವಣಬೆಳಗೊಳಕ್ಕೆ ಎರಡನೇ ಸಂಪುಟ ಪೂರಾ ಮೀಸಲು. ತಾಲ್ಲೂಕಿನ ಹೆಸರು, ಮುಂದೆ ಒಂದು ಸಂಖ್ಯೆ, ಹೀಗೆ ಹುಡುಕಬೇಕು. ಆ ಸಂಖ್ಯೆ ಫಲಕದಲ್ಲಿದ್ದರೆ ಮುಂದೆ ಯಾರು ಬೇಕಾದರೂ ಪರೀಕ್ಷಿಸಬಹುದು. ನೂರು ಸಾಲಿನ ವರ್ಣನೆಗಿಂತ ಆ ಒಂದು ಸಂಖ್ಯೆ ಮೇಲು.

ಕಾಲ ಲೆಕ್ಕ ಹಾಕುವಾಗಲೂ ಎಡವುತ್ತಾರೆ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಎಂದು ಎಲ್ಲರಿಗೂ ಗೊತ್ತು. ಆದರೆ ಶಕ ವರ್ಷ ಶುರುವಾಗುವುದು ಯುಗಾದಿಗೆ. ಪುಷ್ಯದ ಕೊನೆ, ಮಾಘ, ಫಾಲ್ಗುಣ ಬರುವ ಹೊತ್ತಿಗೆ ಇಸವಿ ಬದಲಾಗಿರುತ್ತದೆ, ಆಗ 79 ಕೂಡಿಸಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟ ಚಂದ್ರಗಿರಿಯಲ್ಲಿ ಎರಡಕ್ಕೂ ಉದಾಹರಣೆ ಇದೆ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ವಡಿ ಇಂದ್ರ ಅಲ್ಲಿ ಸಲ್ಲೇಖನದಿಂದ (ಸಾಯುವವರೆಗಿನ ಉಪವಾಸ ವ್ರತ) ತೀರಿಕೊಂಡದ್ದು ಶಕ 904, ಚಿತ್ರಭಾನು ಸಂವತ್ಸರದ ಚೈತ್ರ ಬಹುಳ ಅಷ್ಟಮಿ, ಸೋಮವಾರ. 78 ಕೂಡಿಸಿ, 982ರ ಮಾರ್ಚ್ 20. ಮಲ್ಲಿಷೇಣ ಮಲಧಾರಿ ಮೂರು ದಿನದ ಉಪವಾಸದ ಮೇಲೆ ಮುಡಿಪಿದ್ದು ಶಕ 1050, ಕೀಲಕದ ಫಾಲ್ಗುಣ ಬಹುಳ ತದಿಗೆ, ಭಾನುವಾರ. ಇಲ್ಲಿ 79 ಕೂಡಿಸಬೇಕು, 1129ರ ಮಾರ್ಚ್ 10. ಎರಡರಲ್ಲೂ ವಾರ ತಾಳೆಯಾಗುತ್ತದೆ. ವಾರ ತಾಳೆಯಾಗದಿದ್ದರೆ ಅಕ್ಷರ ತಪ್ಪು ಓದಿದ್ದೀರಿ ಇಲ್ಲವೇ ಶಕ ವರ್ಷವನ್ನು ಗತ (ಮುಗಿದದ್ದು), ವರ್ತಮಾನ (ನಡೆಯುತ್ತಿರುವುದು) ಎಂದು ಎಣಿಸುವುದರಲ್ಲಿ ಒಂದು ವರ್ಷ ಹೆಚ್ಚು ಕಡಿಮೆಯಾಗಿದೆ. ಅದನ್ನು ತೀರ್ಮಾನಿಸುವುದು ಸಂವತ್ಸರದ ಹೆಸರು. ಆದರೆ ಬರೀ ಸಂವತ್ಸರವನ್ನೇ ನಂಬುವ ಹಾಗೂ ಇಲ್ಲ, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಸುತ್ತಿ ಬರುತ್ತದೆ. ಇಂದ್ರ ಸತ್ತ ಚಿತ್ರಭಾನುವಿನಿಂದ ಆರು ಸುತ್ತು ಮುಂದೆ, 1342ರಲ್ಲಿ, ಇನ್ನೊಂದು ಚಿತ್ರಭಾನುವಿನಲ್ಲಿ ಹೊಯ್ಸಳ ದೊರೆ ಮುಮ್ಮಡಿ ವೀರಬಲ್ಲಾಳ ಸತ್ತ.

ಅಂದ ಹಾಗೆ, ಇಂದ್ರನ ಶಾಸನ ಅವನ ಯುದ್ಧಗಳನ್ನು ಅಷ್ಟಾಗಿ ಹೊಗಳುವುದಿಲ್ಲ. ಕುದುರೆಯ ಮೇಲಿಂದ ಚೆಂಡಾಡುವುದರಲ್ಲಿ ಅವನಿಗಿದ್ದ ಚಳಕವನ್ನು ಮನಸಾರೆ ಹೊಗಳುತ್ತದೆ. ರಾಜ್ಯ ಕಳೆದುಕೊಂಡು ಬೆಟ್ಟ ಹತ್ತಿದವನ ಬಗ್ಗೆ ನಾವು ಬರೆಯುವ ಫಲಕದಲ್ಲಿ ಈ ಸಂಗತಿಗೂ ಒಂದು ಸಾಲು ಇರಬಾರದೇ?

ಚಂದ್ರಗಿರಿಯೊಂದರಲ್ಲೇ 271 ಶಾಸನಗಳು ಪ್ರಕಟವಾಗಿವೆ, ಬಹಳಷ್ಟು ಸಾವಿನ ದಾಖಲೆಗಳೇ. ಅತಿ ಹಳೆಯವು ಬರೀ ಬಂಡೆಯ ಮೇಲಿವೆ. ಸುಮಾರು 600ರ ಕಾಲದ ಮೊದಲ ಶಾಸನ ಪ್ರಭಾಚಂದ್ರ ಎಂಬ ಆಚಾರ್ಯನ ಸಮಾಧಿಮರಣವನ್ನೂ, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅಲ್ಲಿ ಮುಡಿಪಿದ್ದನ್ನೂ ಹೇಳುತ್ತದೆ. ಆ ಪ್ರಭಾಚಂದ್ರನೇ ಚಂದ್ರಗುಪ್ತ ಮೌರ್ಯ ಎನ್ನುವುದು ಸಂಪ್ರದಾಯ. ಮೌರ್ಯನಿಗೂ ಆ ಬರಹಕ್ಕೂ ನಡುವೆ ಸುಮಾರು ಒಂಬೈನೂರು ವರ್ಷದ ಅಂತರವಿದೆ. ಸಂಪ್ರದಾಯ ಎಂದು ಬರೆಯುವುದರಲ್ಲಿ ತಪ್ಪಿಲ್ಲ; ಕಲ್ಲಿನಲ್ಲಿ ಹಾಗೇ ಬರೆದಿದೆ ಎಂದು ಬರೆಯುವುದು ತಪ್ಪು.

ಹೊಯ್ಸಳ ರಾಣಿ ಶಾಂತಲೆಯದೂ ಇದೇ ಕತೆ. ಶಿವಗಂಗೆಯ ತುದಿಯಿಂದ ಹಾರಿ ಪ್ರಾಣ ಬಿಟ್ಟಳು ಎಂದು ಗೈಡುಗಳು ಹೇಳುತ್ತಾರೆ, ಜಾಗವನ್ನೂ ತೋರಿಸುತ್ತಾರೆ. ಅವಳೇ ಕಟ್ಟಿಸಿದ ಚಂದ್ರಗಿರಿಯ ಸವತಿಗಂಧವಾರಣ ಬಸದಿಯ ಶಾಸನ ಹೇಳುವುದು ಅವಳು 1131ರ ಚೈತ್ರದಲ್ಲಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳು ಎಂದು ಮಾತ್ರ. ಹಾರಿದ್ದರ ಮಾತೇ ಇಲ್ಲ. ಅದೇ ಶಾಸನದಲ್ಲಿ ಯಾರೂ ಹೆಚ್ಚು ಗಮನಿಸದ ಇನ್ನೊಂದು ಸಾವಿದೆ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಅನ್ನ ಬಿಟ್ಟು ಪ್ರಾಣ ನೀಗಿದಳು. ಇಷ್ಟು ದೊಡ್ಡ ಸಂಗತಿಯನ್ನು ಕಲ್ಲು ಹೇಳುತ್ತಿರುವಾಗ ಇಲ್ಲದ ಬಂಡೆಯಿಂದ ಮಗಳನ್ನು ಏಕೆ ಹಾರಿಸಬೇಕು? ಕಡೂರಿನ ಕಂಬದ ಶಾಸನದ ಪಾಂಬಬ್ಬೆಯೂ ಹಾಗೆ ಮರೆತುಹೋದವಳು. ಗಂಗರ ಬೂತುಗನ ಅಕ್ಕ. ತಲೆಗೂದಲು ಕಿತ್ತು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ತೀರಿಕೊಂಡಳು.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಕಂಬವಿದೆ. ಗರುಡಗಂಬ ಎಂದ ಕೂಡಲೇ ವಿಷ್ಣುವಿನ ವಾಹನ ಎಂದು ಕೈ ಮುಗಿದು ಮುಂದೆ ಹೋಗುತ್ತಾರೆ, ಶಿವಾಲಯದಲ್ಲಿ ಅದೇಕೆ ಇದೆ ಎಂದು ಕೇಳುವವರಿಲ್ಲ. ಅದು ಕುವರ ಲಕ್ಷ್ಮನ ಸ್ಮಾರಕ. ಇಮ್ಮಡಿ ವೀರಬಲ್ಲಾಳ ಮಗನಂತೆ ಸಾಕಿದ ದಂಡನಾಯಕ ಅವನು. ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಕಾಲಿಗೆ ಪೆಂಡೆಯ (ಕಡಗ) ತೊಟ್ಟು ಪಣ ತೊಟ್ಟ ಗರುಡ. 1220ರಲ್ಲಿ ಬಲ್ಲಾಳ ಸತ್ತಾಗ ಅವನು, ಹೆಂಡತಿ ಸುಗ್ಗಲದೇವಿ, ಸಾವಿರ ಮಂದಿ ಭಟರು ಜೀವ ಕೊಟ್ಟರೆಂದು ಶಾಸನ ಹೇಳುತ್ತದೆ, ನಡುವೆಯೇ ತುಂಡಾಗಿ ನಿಲ್ಲುತ್ತದೆ. ಹತ್ತಿರ ನಿಂತು ಕಂಬವನ್ನು ಸುತ್ತಿ ನೋಡಿ. ಅದರ ಮೈಯಲ್ಲಿರುವ ಗಂಡಸರು ಕುಣಿಯುತ್ತಿಲ್ಲ, ಕತ್ತಿ ಹಿಡಿದು ತಮ್ಮ ಕೈ, ಕಾಲು, ಕತ್ತುಗಳನ್ನೇ ಕಡಿದುಕೊಳ್ಳುತ್ತಿದ್ದಾರೆ.

ಕಲ್ಲೇ ಇಲ್ಲದವರ ವಿಚಾರಕ್ಕೆ ಬಂದರೆ ಫಲಕ ಬರೆಯುವವರು ಇನ್ನೂ ಹುಷಾರಾಗಿರಬೇಕು. ಮುಮ್ಮಡಿ ಬಲ್ಲಾಳನಿಗೆ ನಮ್ಮಲ್ಲಿ ಸಮಾಧಿಯಿಲ್ಲ. ಮಧುರೆಯ ಸುಲ್ತಾನ ಅವನನ್ನು ಕೊಂದು, ಚರ್ಮ ಸುಲಿಸಿ, ಹುಲ್ಲು ತುಂಬಿಸಿ ಕೋಟೆ ಗೋಡೆಗೆ ನೇತುಹಾಕಿಸಿದ. ತಾನು ಅದನ್ನು ಕಂಡೆನೆಂದು ಇಬ್ನ್ ಬತೂತ ಬರೆದಿದ್ದಾನೆ. ಸತ್ತ ದಿನ 1342ರ ಸೆಪ್ಟೆಂಬರ್ 8 ಎಂದು ಗೊತ್ತಾಗುವುದು ಮಧುರೆಯಿಂದಲ್ಲ, ನಮ್ಮ ‘ಕಡೂರು 75’ನೇ ಶಾಸನದಿಂದ.

ಬಲಂ ಸೀಮೆಯ (ಈಗಿನ ಸಕಲೇಶಪುರದ ಕಡೆ) ಪಾಳೆಯಗಾರ ವೆಂಕಟಾದ್ರಿ ನಾಯಕನಿಗೂ ಗೋರಿಯಿಲ್ಲ. ಟಿಪ್ಪು ಬಿದ್ದ ಮೇಲೂ ಎರಡು ವರ್ಷ ಮಲೆನಾಡಿನಲ್ಲಿ ಕಂಪನಿಗೆ ಬಗ್ಗದೆ ಕೂತವನು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಅರಕೆರೆಯ ಕಾಡುಕೋಟೆ ಹಿಡಿದ, ಫೆಬ್ರುವರಿಯಲ್ಲಿ ನಾಯಕ ಸಿಕ್ಕಿಬಿದ್ದು ನೇಣಿಗೇರಿದ. ಸಕಲೇಶಪುರದ ಬಳಿ ಮಂಜರಾಬಾದ್ ಕೋಟೆ ನೋಡಲು ಚೆನ್ನಾಗಿದೆಯೆಂದು ಈ ಸಾವನ್ನು ಅಲ್ಲಿಗೆ ತಂದು ಅಂಟಿಸಬಾರದು, ಅದು ಟಿಪ್ಪು ಕಟ್ಟಿಸಿದ ಬೇರೆ ಕೋಟೆ. ತರೀಕೆರೆಯ ಸರ್ಜಾ ಹನುಮಪ್ಪ ನಾಯಕನನ್ನು ಗಲ್ಲಿಗೇರಿಸಿದ್ದು 1834ರಲ್ಲಿ, ನಗರ (ಬಿದನೂರು) ಸೀಮೆಯ ರೈತರ ದಂಗೆಯಲ್ಲಿ ಸೇರಿದ್ದಕ್ಕೆ. ಸರ್ಕಾರದ ಕಾಗದದಲ್ಲಿ ಇವರು ಬಂಡುಕೋರರು, ಊರವರ ಬಾಯಲ್ಲಿ ವೀರರು. ಫಲಕದಲ್ಲಿ ಎರಡನ್ನೂ ಬರೆದು ಇಸವಿ ಹಾಕಿದರೆ ಓದುವವರಿಗೆ ಸಾಕು. ವೆಂಕಟಾದ್ರಿಯನ್ನು ನೇಣಿಗೇರಿಸಿದವನು ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ, 1852ರಲ್ಲಿ ಸತ್ತು, ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಗ್ರಾನೈಟ್ ಪೆಟ್ಟಿಗೆಯೊಳಗೆ ಮಲಗಿದ್ದಾನೆ. ಅಲ್ಲಿಯ ಗೈಡುಗಳು ಅರಕೆರೆಯ ಹೆಸರು ಹೇಳುತ್ತಾರೆಂದು ನಾವೇನೂ ಕಾಯುತ್ತಿಲ್ಲ.

ಈಗ ಕೈಕೆಲಸ. ತೊಳೆಯಲು ಬರೀ ನೀರು ಸಾಕು. ಸೋಪಿನ ಪುಡಿ, ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ಆಸಿಡ್, ವೈರ್ ಬ್ರಷ್, ಗ್ರೈಂಡರ್, ಗಾಡಿ ತೊಳೆಯುವ ಪ್ರೆಷರ್ ಪಂಪು ಯಾವುದೂ ಹತ್ತಿರ ಬರಬಾರದು. ಹೊಯ್ಸಳರ ಕಲ್ಲುಗಳು ಹೆಚ್ಚಾಗಿ ಬಳಪದ ಕಲ್ಲು. ಚಾಕುವಿನ ಮೊನೆ ಎಳೆದರೆ ಬಿಳಿ ಗೆರೆ ಮೂಡುವಷ್ಟು ಮೆದು. ಅಂಥ ಸಣ್ಣ ಕೆತ್ತನೆ ಸಾಧ್ಯವಾದದ್ದೂ ಅದರಿಂದಲೇ. ವೈರ್ ಬ್ರಷ್ ಹತ್ತು ನಿಮಿಷದಲ್ಲಿ ಮುಖದ ಮೂಗು ಕಣ್ಣು ಸವೆಸಿಬಿಡುತ್ತದೆ. ಕೆಲಸಕ್ಕೆ ಮುಂಚೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆ, ಅಲ್ಲಿ ಬ್ರಷ್ ಆಡಿಸಲೇ ಬೇಡಿ. ಗಟ್ಟಿ ಇರುವ ಕಡೆ ಕೆಳಗಿನಿಂದ ಮೇಲಕ್ಕೆ ನೀರು ಚಿಮುಕಿಸಿ ನೆನೆಸಿ. ಒಣಕಲ್ಲಿಗೆ ಮೇಲಿನಿಂದ ಸುರಿದರೆ ಕೊಳೆ ಇಳಿದು ಪಟ್ಟೆ ಪಟ್ಟೆಯಾಗಿ ಕೂರುತ್ತದೆ. ಹದಿನೈದಿಪ್ಪತ್ತು ನಿಮಿಷ ಬಿಟ್ಟರೆ ಪಾಚಿ ಮೆತ್ತಗಾಗುತ್ತದೆ. ಮೆದು ಕೂದಲಿನ ಬ್ರಷ್‌ನಿಂದ ಸವರಿ, ಅಕ್ಷರದೊಳಗಿನ ಮಣ್ಣನ್ನು ಬಿದಿರು ಕಡ್ಡಿಯಿಂದ ತೆಗೆದು, ಕೊನೆಗೆ ಮೇಲಿನಿಂದ ಕೆಳಕ್ಕೆ ನೀರು ಬಿಡಿ. ಬೂದು, ಕಿತ್ತಳೆ ಬಣ್ಣದ ಕಲ್ಲುಹೂವು ಬರದಿದ್ದರೆ ಬಿಟ್ಟುಬಿಡಿ. ಬಲವಂತವಾಗಿ ಕೆರೆದರೆ ಅದರ ಬೇರಿನೊಡನೆ ಕಲ್ಲಿನ ಕಣವೂ ಕಿತ್ತು ಬರುತ್ತದೆ. ನೆತ್ತಿ ಬಿಸಿಲಿನಲ್ಲಿ ಈ ಕೆಲಸ ಬೇಡ.

ಪೂಜೆ ನಡೆಯುವ ಕಲ್ಲುಗಳಿಗೆ ಎಣ್ಣೆ ಹಚ್ಚಬೇಡಿ ಎಂದರೆ ಊರವರಿಗೆ ಬೇಸರವಾಗುತ್ತದೆ, ಆಗಲೇಬೇಕು. ಬೀರೇದೇವರು, ಮಾಸ್ತಮ್ಮ ಎಂದು ನಡೆದುಕೊಂಡು ಬಂದದ್ದರಿಂದಲೇ ಎಷ್ಟೋ ಕಲ್ಲು ಉಳಿದಿವೆ. ಎಣ್ಣೆ ದೂಳು ಹಿಡಿದು ಜಿಡ್ಡಾಗಿ ಅಕ್ಷರ ಮುಚ್ಚುತ್ತದೆ ಎಂದು ತಿಳಿಸಿ, ಕಲ್ಲಿನ ಮುಂದೊಂದು ಚಪ್ಪಡಿ ಹಾಕಿ ದೀಪ, ಅರಿಸಿನ ಕುಂಕುಮ ಅಲ್ಲಿ ಇಡುವಂತೆ ಒಪ್ಪಿಸಿದರೆ ಇಬ್ಬರಿಗೂ ನೆಮ್ಮದಿ.

ಸಿಮೆಂಟ್ ಏಕೆ ಬೇಡ ಎಂದು ಬಹಳ ಜನ ಕೇಳುತ್ತಾರೆ. ನೆಲದ ತೇವ ಕಲ್ಲಿನೊಳಗೆ ಏರುತ್ತದೆ. ಬುಡದ ಸುತ್ತ ಮಣ್ಣಿದ್ದರೆ ಅಲ್ಲೇ ಆರಿಹೋಗುತ್ತದೆ. ಸಿಮೆಂಟ್ ಬಿಗಿದರೆ ಆರಲು ದಾರಿಯಿಲ್ಲದೆ ಇನ್ನೂ ಮೇಲೇರಿ, ಸಿಮೆಂಟಿನದೇ ಉಪ್ಪನ್ನು ಹೊತ್ತು ಶಿಲ್ಪದ ಮೈಗೆ ಬರುತ್ತದೆ. ಬೇಸಿಗೆಯಲ್ಲಿ ಉಪ್ಪು ಹರಳುಗಟ್ಟಿ ಕಲ್ಲನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಮೊದಲು ಹೋಗುವುದು ಕೆಳಗಿನ ಪಟ್ಟಿಕೆ, ಅಂದರೆ ಕಾಳಗದ ದೃಶ್ಯ. ಗಾರೆ ಬೇಕೇ ಬೇಕಾದ ಕಡೆ ಅರಳಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಕಬ್ಬಿಣದ ಪಟ್ಟಿ ಬೇಡ, ತುಕ್ಕು ಹಿಡಿದು ಉಬ್ಬಿ ಕಲ್ಲು ಸೀಳುತ್ತದೆ.

ಬಿದ್ದ ಕಲ್ಲನ್ನು ನಿಲ್ಲಿಸುವ ಮೊದಲು ತೂಕ ಅಂದಾಜಿಸಿ. ಆರಡಿ ಎತ್ತರ, ಮೂರಡಿ ಅಗಲ, ಅರ್ಧ ಅಡಿ ದಪ್ಪ ಅಂದರೆ ಒಂಬತ್ತು ಘನ ಅಡಿ. ಘನ ಅಡಿಗೆ ಸುಮಾರು 75 ಕಿಲೋ ಹಿಡಿದರೂ ಹತ್ತಿರ ಹತ್ತಿರ ಏಳು ಕ್ವಿಂಟಲ್. ನಾಲ್ಕಾಳು ಸೇರಿ ಎತ್ತಿದಾಗ ಕೈ ಜಾರಿ ಎರಡು ತುಂಡಾಗುವುದು ಹೀಗೆಯೇ. ಬಕೆಟ್ ಹಲ್ಲು, ಚೈನು ಶಿಲ್ಪಕ್ಕೆ ತಾಗಬಾರದು. ಗೋಣಿಚೀಲ ಸುತ್ತಿ ಅಗಲದ ಬೆಲ್ಟ್ ಹಾಕಿ ಎತ್ತಬೇಕು. ಕೆತ್ತದೆ ಒರಟಾಗಿ ಬಿಟ್ಟ ಬುಡ ಎಷ್ಟಿದೆಯೋ ಅಷ್ಟೇ ಹೂಳಬೇಕು, ಸುತ್ತ ಬೋಲ್ಡರ್ ಜಡಿದು ಮಣ್ಣು ಗುದ್ದಬೇಕು. ಜಾಗ ಬದಲಿಸುವುದಂತೂ ಪುರಾತತ್ವ ಇಲಾಖೆಗೆ ತಿಳಿಸದೆ ಕೂಡದು. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ, ಅದರಾಚೆ ಮತ್ತೆ 200 ಮೀಟರ್‌ಗೆ ಅನುಮತಿ ಬೇಕು. ದಾನಿಗಳ ಹೆಸರು ಬರೆಸಿದ ಕಟ್ಟೆಗೂ ಇದು ಅನ್ವಯ.

ಕಾಫಿ ತೋಟಗಳ ಒಳಗಿರುವ ಬಿಳಿಯರ ಗೋರಿಗಳನ್ನೂ ಈ ಮಾತಿನಲ್ಲಿ ಸೇರಿಸಬೇಕು. ಚಿಕ್ಕಮಗಳೂರು ಕಡೆ 1830ರಿಂದ, ಮಂಜರಾಬಾದ್ ಕಡೆ 1843ರಿಂದ ದೊರೆಗಳ ತೋಟ ಶುರುವಾದವು. ಅವರಲ್ಲಿ ಅನೇಕರನ್ನೂ ಅವರ ಎಳೆ ಮಕ್ಕಳನ್ನೂ ಮಲೆನಾಡಿನ ಜ್ವರ ಕೊಂಡೊಯ್ದಿತು. ಇಲ್ಲಿ ಅಪಾಯ ಬೇರೆ ಬಗೆಯದು. ಅಮೃತಶಿಲೆಯ ಮೇಲೆ ಆಸಿಡ್ ಬಿದ್ದರೆ ನೊರೆ ಏಳುತ್ತದೆ, ಆ ನೊರೆಯಾಗಿ ಹೋಗುವುದು ಕಲ್ಲೇ. ಸೀಸದ ಅಕ್ಷರಗಳನ್ನು ಯಾರೋ ಕಿತ್ತು ಮಾರಿರುತ್ತಾರೆ. ಗಾಬರಿ ಬೇಡ, ಅಕ್ಷರ ಕೂರಿಸಲು ಕೊರೆದ ಸಣ್ಣ ತೂತುಗಳ ಸಾಲನ್ನು ಪಕ್ಕದ ಬೆಳಕಿನಲ್ಲಿ ನೋಡಿದರೆ ಹೆಸರು ಓದಬಹುದು. ತೂತು ಮುಚ್ಚಿ ಪಾಲಿಶ್ ಮಾಡಿಸಿದರೆ ಮಾತ್ರ ಹೆಸರು ಹೋಯಿತು. ಗೋರಿ ಸೀಳಿಕೊಂಡು ಬೆಳೆದ ಮರವನ್ನು ಎಳೆದು ಕೀಳಬೇಡಿ. ಬುಡ ಮಟ್ಟಕ್ಕೆ ಕೊಯ್ದು, ಚಿಗುರು ಬಂದಂತೆ ಸವರುತ್ತಾ, ಬೇರು ತಾನಾಗಿ ಕೊಳೆಯಲು ಬಿಡಬೇಕು. ಬ್ರಿಟನ್ನಿನಲ್ಲಿ 1976ರಿಂದ ದಕ್ಷಿಣ ಏಷ್ಯಾದ ಇಂಥ ಸ್ಮಶಾನಗಳ ದಾಖಲೆ ಇಡುವ ಸಂಘವೇ ಇದೆ. ತೋಟದ ಮಾಲೀಕರು ಫೋಟೊ ಕಳಿಸಿದರೆ ಅವರಿಗೂ ಉಪಯೋಗ.

ಫಲಕವನ್ನು ಕಲ್ಲಿಗೆ ಮೊಳೆ ಹೊಡೆದು ಕೂರಿಸದೆ ಒಂದು ಮೀಟರ್ ದೂರ ನೆಡಿ. ಐದು ಸಾಲು ಸಾಕು. ಯಾವ ಬಗೆಯ ಕಲ್ಲು, ಸತ್ತವರು ಯಾರು, ಹೇಗೆ ಮತ್ತು ಯಾವಾಗ, ನಿಲ್ಲಿಸಿದವರು ಯಾರು, ಯಾವ ಸಂಪುಟದ ಎಷ್ಟನೇ ಶಾಸನ. ಊರಿನ ಕತೆ ಇದ್ದರೆ ಆರನೇ ಸಾಲಿನಲ್ಲಿ ‘ಊರವರು ಹೇಳುವಂತೆ’ ಎಂದು ಬರಲಿ. ಬರಹವೇ ಇಲ್ಲದ ಕಲ್ಲಾದರೆ ಹೆಸರು ಕಟ್ಟಬೇಡಿ, ‘ತುರುಗೋಳಿನ ವೀರಗಲ್ಲು, ಹೊಯ್ಸಳರ ಕಾಲದ ಶೈಲಿ’ ಎಂದರೆ ಅಷ್ಟೇ ಸತ್ಯ.

ಕೊನೆಯದಾಗಿ, ಈಗಾಗಲೇ ಪೇಂಟ್ ಬಿದ್ದಿರುವ ಕಲ್ಲುಗಳ ಬಗ್ಗೆ. ಅದನ್ನು ತೆಗೆಯಲು ಥಿನ್ನರ್ ಸುರಿದರೆ ಬಣ್ಣ ಕರಗಿ ಇನ್ನೂ ಒಳಕ್ಕೆ ಇಳಿಯುತ್ತದೆ, ಬ್ಲೋ ಲ್ಯಾಂಪ್ ಹಿಡಿದರೆ ಕಲ್ಲಿನ ಮೈ ಕೆಡುತ್ತದೆ, ಕೆರೆದರೆ ಅಕ್ಷರವೂ ಜೊತೆಗೆ ಹೋಗುತ್ತದೆ. ಸದ್ಯಕ್ಕೆ ಹಾಗೇ ಬಿಡಿ, ಮೇಲೆ ಮತ್ತೊಂದು ಕೋಟ್ ಬೇಡ. ಪೇಂಟಿನ ಡಬ್ಬಿ ಸಿಕ್ಕಿದರೆ ಅದರ ಬ್ರಾಂಡು, ಬಗೆ, ಬಳಿದ ವರ್ಷ ಬರೆದು ಚಿತ್ರದ ಸಮೇತ ಪುರಾತತ್ವ ಇಲಾಖೆಗೆ ಪಂಚಾಯಿತಿ ಮೂಲಕ ಅರ್ಜಿ ಕೊಡಿ. ಯಾವ ಬಣ್ಣ ಎಂದು ಗೊತ್ತಿದ್ದರೆ ಅದಕ್ಕೆ ತಕ್ಕ ದ್ರಾವಕವನ್ನು ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಪರೀಕ್ಷಿಸಿ ಆಮೇಲೆ ಮುಂದುವರಿಯಲು ಅವರ ರಸಾಯನ ತಜ್ಞರಿಗೆ ಸಾಧ್ಯವಾಗುತ್ತದೆ.

— ಶಾಸನಾಸಕ್ತರು, ಹಾಸನ